ಸಂತೆಯಲ್ಲಿ ಬರುವ ನಿದ್ದೆ, ಮನೆಯಲ್ಲಿ ಬಾರದ ನಿದ್ದೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಕೇಳದ ಕನ್ನಡಿಗರಿಲ್ಲ. ನಿದ್ದೆಗೆ ಬೇಕಾದದ್ದು ನಿಶ್ಶಬ್ದವಲ್ಲ, ಮೆತ್ತನೆಯ ಗಾದಿಯೂ ಅಲ್ಲ, ನಿಶ್ಚಿಂತೆ ಎಂಬುದು ಅದರ ತಾತ್ಪರ್ಯ. ಸರಿ, ಹಾಗಾದರೆ ಚಿಂತೆ ತೀರಿದ ದಿನ ನಿದ್ದೆ ತಾನಾಗಿ ವಾಪಸು ಬರಬೇಕಲ್ಲ? ಎಷ್ಟೋ ಮನೆಗಳಲ್ಲಿ ಬರುವುದಿಲ್ಲ. ಗಾದೆ ಅರ್ಧ ದಾರಿಗೇ ನಿಂತುಬಿಡುತ್ತದೆ.

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ, ನರೇಗಲ್ಲ ಹತ್ತಿರದ ಅಬ್ಬಿಗೇರಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಯಜಮಾನರಿಗೆ ಅರವತ್ತರ ಹತ್ತಿರ. ಒಂದು ವರ್ಷ ಮಳೆ ಕೈಕೊಟ್ಟು ಹೆಸರು ಒಣಗಿತು, ಸೊಸೈಟಿಯ ಸಾಲ ಬೆಳೆಯಿತು, ಅದೇ ವರ್ಷ ಮಗಳ ಮದುವೆ ಬೇರೆ. ಆಗ ಹೋದ ನಿದ್ದೆ ಈಗಲೂ ಬಂದಿಲ್ಲ. ಸಾಲ ತೀರಿದೆ, ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಆಸ್ಪತ್ರೆಯಲ್ಲಿ ಮಾತಾಡುವವರು ಹೆಂಡತಿ: “ಬಸ್ಸಿನ್ಯಾಗ ಕುಂತ್ರ ಗೊರಕಿ ಹೊಡಿತಾರ್ರಿ ಡಾಕ್ಟ್ರ. ಮನ್ಯಾಗ ಹಾಸಗಿ ಮ್ಯಾಲ ಬಿದ್ರ ಬೆಳತನಕ ಹೊರಳ್ಯಾಡತಾರ.”

ಈ ಮಾತಿನಲ್ಲಿ ನಿದ್ರಾಹೀನತೆಯ ಮುಕ್ಕಾಲು ವಿಜ್ಞಾನ ಅಡಗಿದೆ. ಬಸ್ಸಿನಲ್ಲಿ ನಿದ್ದೆ ಬರುವುದಾದರೆ ಮಿದುಳಿನ ನಿದ್ದೆಯ ಯಂತ್ರ ಕೆಟ್ಟಿಲ್ಲ ಎಂದಾಯಿತು. ಹಾಗಿದ್ದರೆ ಕೆಟ್ಟದ್ದು ಯಾವುದು?

ಎರಡು ಲೆಕ್ಕ

ನಿದ್ದೆ ಯಾವಾಗ ಬರಬೇಕೆಂಬುದನ್ನು ಮಿದುಳು ಎರಡು ಲೆಕ್ಕಗಳಿಂದ ತೀರ್ಮಾನಿಸುತ್ತದೆ. 1982ರಲ್ಲಿ ಜ್ಯೂರಿಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ ಈ ಎರಡನ್ನೂ ಜೋಡಿಸಿ ಒಂದು ಸರಳ ಮಾದರಿ ಕೊಟ್ಟರು. ಇಂದಿಗೂ ನಿದ್ದೆಯ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲನೆಯದು ನಿದ್ದೆಯ ಒತ್ತಡ. ಎದ್ದ ಗಳಿಗೆಯಿಂದಲೇ ಅದು ಏರತೊಡಗುತ್ತದೆ. ಮಿದುಳಿನ ಜೀವಕೋಶಗಳು ಶಕ್ತಿ ಖರ್ಚು ಮಾಡಿದಂತೆಲ್ಲ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗುತ್ತದೆ. ಅದು ಹೆಚ್ಚಾದಷ್ಟೂ ರೆಪ್ಪೆ ಭಾರ. ಮಲಗಿದಾಗ ಇಳಿಯುತ್ತದೆ. ಮಧ್ಯಾಹ್ನ ಉಂಡು ಎರಡು ತಾಸು ಮಲಗಿದವರು ರಾತ್ರಿಯ ಒತ್ತಡದ ಒಂದು ಪಾಲನ್ನು ಹಗಲೇ ಖರ್ಚು ಮಾಡಿರುತ್ತಾರೆ. ಚಹಾ ಮಾಡುವ ಕೆಲಸ ಬೇರೆ. ಅದರಲ್ಲಿರುವ ಕೆಫೀನ್ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಒತ್ತಡ ಇದ್ದೇ ಇರುತ್ತದೆ, ಅದರ ಸುದ್ದಿ ಮಾತ್ರ ಮುಟ್ಟುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು. ಹೀಗಾಗಿ ಸಂಜೆ ಆರರ ಚಹಾ ರಾತ್ರಿ ಹನ್ನೊಂದಕ್ಕೂ ಅರ್ಧ ಕಪ್ಪು ಉಳಿದಿರುತ್ತದೆ. ಸಂಜೆ ಕಟ್ಟೆಗೆ ಚಹಾ ತರಿಸಬೇಡಿ ಎಂದು ನಮ್ಮ ಕಡೆ ಹೇಳಿದರೆ ಯಾರೂ ಕೇಳುವುದಿಲ್ಲ, ಅದು ನನಗೂ ಗೊತ್ತು.

ಎರಡನೆಯದು ಒಳಗಿನ ಗಡಿಯಾರ. ಕಣ್ಣಿನಿಂದ ಬರುವ ನರಗಳು ಮಿದುಳಿನಡಿ ಒಂದನ್ನೊಂದು ಹಾಯುವಲ್ಲಿ, ಅದರ ಮೇಲೆಯೇ ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ಹಗಲು ಯಾವುದು, ಇರುಳು ಯಾವುದು ಎಂದು ಮೈಗೆಲ್ಲ ಸಾರುವುದು ಅದರ ಕೆಲಸ. ಬೆಳಗಿನ ಬೆಳಕು ಈ ಗಡಿಯಾರವನ್ನು ದಿನಾ ಸರಿಪಡಿಸುತ್ತದೆ. ಹೊಲಕ್ಕೆ ಹೋಗುವವರಿಗೆ ಇದರ ಕೊರತೆಯಿಲ್ಲ. ತೊಂದರೆ ಬರುವುದು ರಾತ್ರಿ ಪಾಳಿಯವರಿಗೆ, ಮಧ್ಯರಾತ್ರಿಯವರೆಗೆ ಮೊಬೈಲ್ ಹಿಡಿಯುವವರಿಗೆ, ಮತ್ತೆ ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ಎದ್ದು ಪಂಪ್‌ಸೆಟ್ ಚಾಲೂ ಮಾಡಬೇಕಾದ ರೈತರಿಗೆ.

ನಮ್ಮ ಯಜಮಾನರಿಗೆ ಪಂಪ್‌ಸೆಟ್ ಇಲ್ಲ, ಒಣ ಬೇಸಾಯ. ಒತ್ತಡವೂ ಇದೆ, ಗಡಿಯಾರವೂ ನೆಟ್ಟಗಿದೆ. ಆದರೂ ಹಾಸಿಗೆಯಲ್ಲಿ ಎಚ್ಚರ.

ಎಚ್ಚರಕ್ಕೂ ಒಂದು ವ್ಯವಸ್ಥೆ

ಬಹಳ ಕಾಲ ವೈದ್ಯರು ನಿದ್ರಾಹೀನತೆ ಎಂದರೆ ನಿದ್ದೆಯ ಕೊರತೆ ಎಂದೇ ತಿಳಿದಿದ್ದರು. ಅದು ಎಚ್ಚರದ ಅತಿರೇಕ ಎಂಬ ಅರಿವು ಬಂದದ್ದು ಆಮೇಲೆ. ಮಿದುಳಿನ ಕಾಂಡದಿಂದ ಹೊರಟು ಮೇಲಕ್ಕೆ ಹರಡುವ ನರಗಳ ಜಾಲವೊಂದು ನಮ್ಮನ್ನು ಎಚ್ಚರವಾಗಿಡುತ್ತದೆ. 1998ರಲ್ಲಿ ಪತ್ತೆಯಾದ ಒರೆಕ್ಸಿನ್ ಎಂಬ ಸಂದೇಶವಾಹಕ ಆ ಜಾಲಕ್ಕೆ ಬಲ ತುಂಬುತ್ತದೆ. ಎಚ್ಚರದ ಜಾಲ ಮತ್ತು ನಿದ್ದೆ ತರುವ ಕೋಶಗಳು ಒಂದನ್ನೊಂದು ಅದುಮುತ್ತಲೇ ಇರುತ್ತವೆ. ಒಂದು ಗೆದ್ದಾಗ ಇನ್ನೊಂದು ಸುಮ್ಮನಾಗುತ್ತದೆ.

2004ರಲ್ಲಿ ಅಮೆರಿಕದ ಎರಿಕ್ ನಾಫ್‌ಜಿಂಗರ್ ಮತ್ತು ಸಂಗಡಿಗರು ನಿದ್ದೆಗೆಟ್ಟ ಕೆಲವರ ಮಿದುಳು ಸಕ್ಕರೆಯನ್ನು ಎಷ್ಟು ಬಳಸುತ್ತದೆಂದು ಸ್ಕ್ಯಾನ್ ಮಾಡಿ ನೋಡಿದರು. ಚಿಕ್ಕ ಅಧ್ಯಯನ, ಆದರೆ ಕಂಡದ್ದು ಸ್ವಾರಸ್ಯಕರ. ಇವರು ನಿದ್ದೆ ಹೋದಾಗಲೂ ಎಚ್ಚರದ ಭಾಗಗಳು ಇತರರಲ್ಲಿ ತಣ್ಣಗಾಗುವಷ್ಟು ತಣ್ಣಗಾಗಿರಲಿಲ್ಲ. “ರಾತ್ರಿಯೆಲ್ಲಾ ಕಣ್ಣು ಮುಚ್ಚಿಲ್ರಿ” ಎಂದವರ ಪಕ್ಕದಲ್ಲೇ ಮನೆಯವರು “ಎರಡು ತಾಸು ಮಲಗಿದ್ರಲ್ಲ” ಎನ್ನುವುದನ್ನು ಎಲ್ಲ ವೈದ್ಯರೂ ಕೇಳಿರುತ್ತಾರೆ. ಇಬ್ಬರ ಮಾತೂ ನಿಜವಿರಬಹುದು.

ಬಸ್ಸಿನ ಗುಟ್ಟಿಗೆ ಈಗ ಬರೋಣ. ಬಸ್ಸಿನಲ್ಲಿ ಯಾರೂ ನಿದ್ದೆ ಮಾಡಬೇಕೆಂದು ಕೂರುವುದಿಲ್ಲ. ಗದಗ ಮುಟ್ಟಿದರೆ ಸಾಕು. ಪ್ರಯತ್ನವಿಲ್ಲದ ಕಡೆ ಎಚ್ಚರದ ಜಾಲ ಸಡಿಲವಾಗುತ್ತದೆ, ಒತ್ತಡ ತನ್ನ ಕೆಲಸ ಮಾಡುತ್ತದೆ. ಹಾಸಿಗೆಯಲ್ಲಾದರೆ ಬರುತ್ತದೋ ಇಲ್ಲವೋ, ಎಷ್ಟು ಗಂಟೆಯಾಯಿತು, ನಾಳೆ ಹರಗಲು ಹೋಗುವುದು ಹೇಗೆ ಎಂಬ ಪರೀಕ್ಷೆ ನಡೆದಿರುತ್ತದೆ. ತಿಂಗಳುಗಟ್ಟಲೆ ಹೀಗಾದರೆ ದಿಂಬಿಗೆ ತಲೆಯಿಟ್ಟ ಕೂಡಲೇ ಎದೆ ಬಡಿದುಕೊಳ್ಳುವುದನ್ನು ಮಿದುಳು ಕಲಿತುಬಿಡುತ್ತದೆ. ನಿದ್ದೆಯ ಪ್ರಯೋಗಾಲಯಗಳಲ್ಲಿ ಇದಕ್ಕೊಂದು ತಮಾಷೆಯ ಸಾಕ್ಷಿ ಸಿಗುತ್ತದೆ. ಮೈಗೆಲ್ಲ ತಂತಿ ಅಂಟಿಸಿಕೊಂಡು ಪರಸ್ಥಳದಲ್ಲಿ ಮಲಗಿದರೆ ಸಾಮಾನ್ಯರಿಗೆ ಮೊದಲ ರಾತ್ರಿ ನಿದ್ದೆ ಕೆಡುತ್ತದೆ. ನಿದ್ರಾಹೀನರಲ್ಲಿ ಕೆಲವರಿಗೆ ಅಲ್ಲೇ ಮನೆಗಿಂತ ಚಂದ ನಿದ್ದೆ!

ಅದೇ ಹಿಟ್ಟು, ದೊಡ್ಡ ರೊಟ್ಟಿ

ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ 1980ರ ದಶಕದಲ್ಲಿ ಈ ಕಾಯಿಲೆಯ ಕಾರಣಗಳನ್ನು ಮೂರಾಗಿ ಬಿಡಿಸಿಟ್ಟರು. ಒಂದು, ಹುಟ್ಟಿನಿಂದಲೋ ಸ್ವಭಾವದಿಂದಲೋ ಬಂದ ಒಲವು. ಬೇಗ ಗಾಬರಿಯಾಗುವವರಿಗೆ ನಿದ್ದೆಯೂ ಬೇಗ ಕೆಡುತ್ತದೆ. ಎರಡು, ಕೆಡಿಸಿದ ಘಟನೆ. ಸಾಲ, ಸಾವು, ಹೆರಿಗೆ, ಕೋರ್ಟು ಕಚೇರಿ. ಗಾದೆಗೆ ಗೊತ್ತಿರುವುದು ಇದೊಂದೇ. ಮೂರನೆಯದು, ಕೆಟ್ಟ ನಿದ್ದೆಯನ್ನು ಸರಿಪಡಿಸಲು ನಾವೇ ಹೂಡುವ ಉಪಾಯಗಳು. ಸ್ಪೀಲ್ಮನ್ ಹೇಳಿದ್ದೇನೆಂದರೆ, ದೀರ್ಘಕಾಲದ ನಿದ್ರಾಹೀನತೆಯನ್ನು ಸಾಕಿ ಬೆಳೆಸುವುದು ಈ ಮೂರನೆಯದು. ಘಟನೆ ಮುಗಿದು ಹೋಗಿರುತ್ತದೆ, ಉಪಾಯಗಳು ಮುಂದುವರಿದಿರುತ್ತವೆ.

ಯಜಮಾನರು ಮಾಡಿದ್ದನ್ನೇ ನೋಡಿ. ಮೊದಲೆಲ್ಲ ಹತ್ತೂವರೆಗೆ ಮಲಗುತ್ತಿದ್ದವರು, ನಿದ್ದೆ ಸಾಲದೆಂದು ಒಂಬತ್ತಕ್ಕೇ ಹಾಸಿಗೆ ಹಿಡಿದರು. ಐದಕ್ಕೆ ಏಳುತ್ತಿದ್ದವರು, ಈಗಾದರೂ ಕಣ್ಣು ಹತ್ತೀತೆಂದು ಆರರವರೆಗೆ ಬಿದ್ದುಕೊಂಡರು. ಮಧ್ಯಾಹ್ನ ಬೇವಿನ ನೆರಳಲ್ಲಿ ಸ್ವಲ್ಪ ಅಡ್ಡಾದರು. ಎಲ್ಲವೂ ನ್ಯಾಯವಾದ ಯೋಚನೆಯೇ. ಆದರೆ ಮೈ ಒಂದು ದಿನಕ್ಕೆ ನಾದಿಕೊಡುವ ನಿದ್ದೆಯ ಹಿಟ್ಟು ಇಷ್ಟೇ ಎಂದು ಇರುತ್ತದೆ. ಒಂದೇ ಉಂಡೆಯನ್ನು ಪರಾತದಗಲ ಬಡಿದರೆ ಜೋಳದ ರೊಟ್ಟಿ ಏನಾಗುತ್ತದೆಂದು ನಮ್ಮ ಅವ್ವಂದಿರನ್ನು ಕೇಳಿ. ತೆಳ್ಳಗಾಗುತ್ತದೆ, ನಡುನಡುವೆ ಹರಿಯುತ್ತದೆ, ಹಂಚಿಗೆ ಹಾಕಲು ಎತ್ತುವುದರೊಳಗೆ ಚೂರಾಗುತ್ತದೆ. ಐದೂವರೆ ತಾಸಿನ ನಿದ್ದೆಯನ್ನು ಒಂಬತ್ತು ತಾಸಿನ ಹಾಸಿಗೆಯಗಲಕ್ಕೆ ಎಳೆದಾಗ ಆದದ್ದು ಅದೇ. ಉಳಿದ ಮೂರೂವರೆ ತಾಸು ಹಾಸಿಗೆ ಮತ್ತು ಎಚ್ಚರದ ನಂಟನ್ನು ದಿನದಿನವೂ ಗಟ್ಟಿ ಮಾಡುತ್ತ ಹೋಯಿತು.

“ನಿದ್ದಿ ಬರಂಗಿಲ್ರಿ” ಎಂದು ಬಂದಾಗ

ನಮ್ಮ ಹಳ್ಳಿಗಳಲ್ಲಿ “ನನಗೆ ಖಿನ್ನತೆ ಇದೆ” ಎಂದು ಯಾರೂ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ತಲೆ ಭಾರ, ಮೈ ಕೈ ಹರಿತ ಎನ್ನುತ್ತಾರೆ. 1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳಿಗೆ ಅಲ್ಲಿಯೇ ಚಿಕಿತ್ಸೆ ಸಿಗುವಂತೆ ಮಾಡಿತು. ಮನೋವೈದ್ಯರಲ್ಲದವರೂ ಇಂಥ ದೂರುಗಳ ಹಿಂದಿನ ಕಾಯಿಲೆಯನ್ನು ಗುರುತಿಸಬಲ್ಲರು ಎಂಬುದೇ ಅದರ ಆಧಾರ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆ ಬಳ್ಳಾರಿಯೇ.

ಹೀಗಾಗಿ ಒಳ್ಳೆಯ ವೈದ್ಯರು ಗುಳಿಗೆ ಬರೆಯುವ ಮೊದಲು ಬಹಳ ಪ್ರಶ್ನೆ ಕೇಳುತ್ತಾರೆ. ನಿದ್ದೆ ಹತ್ತುವುದಿಲ್ಲವೋ, ಹತ್ತಿ ಮೂರಕ್ಕೇ ಎಚ್ಚರವಾಗಿ ಮನಸ್ಸು ಕಪ್ಪಿಡುತ್ತದೋ? ಎರಡನೆಯದಾದರೆ ಖಿನ್ನತೆಯ ಕಡೆ ನೋಡಬೇಕು. ಸಾಯಬೇಕು ಅನಿಸುತ್ತದೆಯೇ ಎಂದೂ ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎರಡೇ ತಾಸು ಮಲಗಿ ಹುಮ್ಮಸ್ಸಿನಿಂದ ಓಡಾಡುತ್ತ, ಸಿಕ್ಕಿದ್ದಕ್ಕೆಲ್ಲ ದುಡ್ಡು ಸುರಿಯುತ್ತಿದ್ದಾರೆಯೇ? ಅದು ನಿದ್ರಾಹೀನತೆಯಲ್ಲ, ಉನ್ಮಾದದ ಲಕ್ಷಣ. ರಾತ್ರಿ ಕುಡಿಯುತ್ತಾರೆಯೇ? ಸಾರಾಯಿ ಬೇಗ ಮಲಗಿಸಿ, ಇಳಿಯುವಾಗ ನಡುರಾತ್ರಿ ಎಬ್ಬಿಸುತ್ತದೆ. ಮಲಗಿದಾಗ ಕಾಲು ಜಾಡಿಸಬೇಕು ಅನಿಸುತ್ತದೆಯೇ? ರಕ್ತಹೀನತೆ ಇರುವ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಇದಕ್ಕೆ ಕಾರಣವಾಗಬಹುದು. ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆಯೇ? ಹೆಂಡತಿ ಹೇಳಿದ ಬಸ್ಸಿನ ಗೊರಕೆಯನ್ನು ಆ ಕಿವಿಯಿಂದಲೂ ಕೇಳಿಸಿಕೊಳ್ಳಬೇಕು. ಕೂತಲ್ಲೆಲ್ಲ ಜೋಂಪು ಹತ್ತುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಅವರಿಗೆ ನಿದ್ದೆಗುಳಿಗೆ ಕೊಟ್ಟರೆ ಅಪಾಯ.

ಇದೆಲ್ಲ ಸೋಸಿ ನೋಡಿದ ಮೇಲೂ, ವಾರದಲ್ಲಿ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ದೆಯಿಲ್ಲದೆ ಹಗಲಿನ ಬದುಕೂ ಕೆಟ್ಟಿದ್ದರೆ ಅದಕ್ಕೆ ದೀರ್ಘಕಾಲದ ನಿದ್ರಾಹೀನತೆ ಎಂದು ಹೆಸರು.

ಮೊದಲಿನ ವೈದ್ಯರು ಖಿನ್ನತೆ ವಾಸಿಯಾದರೆ ನಿದ್ದೆ ತಾನಾಗಿ ಬರುತ್ತದೆ ಎನ್ನುತ್ತಿದ್ದರು. ನಿದ್ರಾಹೀನತೆ ಅವರಿಗೆ ಬರೀ ಒಂದು ಲಕ್ಷಣ. 1989ರಲ್ಲಿ ಅಮೆರಿಕದಲ್ಲಿ ಸುಮಾರು 8 ಸಾವಿರ ಜನರನ್ನು ಒಂದು ವರ್ಷದ ಅಂತರದಲ್ಲಿ ಎರಡು ಸಲ ಸಂದರ್ಶಿಸಿದ ವರದಿಯೊಂದು ಬಂತು. ಎರಡೂ ಸಲ ನಿದ್ದೆಯಿಲ್ಲ ಎಂದವರಲ್ಲಿ ಆ ಅವಧಿಯಲ್ಲಿ ಹೊಸದಾಗಿ ಖಿನ್ನತೆ ಬಂದದ್ದು ಉಳಿದವರಿಗಿಂತ ತುಂಬಾ ಹೆಚ್ಚು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ನಿದ್ರಾಹೀನತೆಯನ್ನು ಮೂಲ, ಉಪ ಎಂದು ಭಾಗ ಮಾಡುವುದನ್ನೇ ಬಿಟ್ಟಿತು. ಜೊತೆಗೆ ಬೇರೆ ಕಾಯಿಲೆ ಇದ್ದರೂ ನಿದ್ದೆಗೆ ಅದರದೇ ಚಿಕಿತ್ಸೆ ಕೊಡಿ ಎಂದಿತು. 2017ರಲ್ಲಿ ಆಕ್ಸ್‌ಫರ್ಡ್‌ನ ಡೇನಿಯಲ್ ಫ್ರೀಮನ್ ಮತ್ತು ತಂಡ ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿದ್ದೆಗೆ ಮಾತ್ರ ಚಿಕಿತ್ಸೆ ಪಡೆದವರಲ್ಲಿ ಅನುಮಾನದ ಭ್ರಮೆಗಳೂ ಇಲ್ಲದ್ದು ಕಾಣುವುದು, ಕೇಳುವುದೂ ಒಂದಿಷ್ಟು ತಗ್ಗಿದವು. ಬದಲಾವಣೆ ದೊಡ್ಡದಲ್ಲ, ಆದರೆ ದಿಕ್ಕು ಸ್ಪಷ್ಟ. ಕಾಯಿಲೆ ನಿದ್ದೆಯನ್ನು ಕೆಡಿಸುವಂತೆ ಕೆಟ್ಟ ನಿದ್ದೆಯೂ ಕಾಯಿಲೆಯನ್ನು ಕೆದಕುತ್ತದೆ.

ಗುಳಿಗೆಯ ಮಾತು

ಔಷಧಿ ಅಂಗಡಿಯಲ್ಲಿ “ನಿದ್ದಿ ಗುಳಿಗಿ ಕೊಡ್ರಿ” ಎಂದಾಗ ಬಹುಪಾಲು ಸಿಗುವುದು ಆಲ್ಪ್ರಜೋಲಾಮ್ ಜಾತಿಯದು. ಕಾನೂನಿನಂತೆ ಚೀಟಿ ಇಲ್ಲದೆ ಕೊಡುವಂತಿಲ್ಲ. ಅದು ಎಚ್1 ಪಟ್ಟಿಯ ಔಷಧಿ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಎಷ್ಟು ಕಡೆ ಬರೆಯುತ್ತಾರೆಂದು ಓದುಗರೇ ಬಲ್ಲರು.

ಗುಳಿಗೆ ವಿಷವೇನಲ್ಲ. ಮನೆಯಲ್ಲಿ ಸಾವಾದ ವಾರ, ತೀವ್ರ ಖಿನ್ನತೆಯ ಮೊದಲ ದಿನಗಳಲ್ಲಿ ಅದರಿಂದ ಉಪಕಾರವೇ. ಆದರೆ ಅದು ಮಿದುಳನ್ನು ಒಟ್ಟಾರೆ ಮಂಕಾಗಿಸಿ ಮಲಗಿಸುತ್ತದೆ, ಹಾಸಿಗೆಗೂ ಎಚ್ಚರಕ್ಕೂ ಬಿದ್ದ ಗಂಟನ್ನು ಬಿಚ್ಚುವುದಿಲ್ಲ. ವಾರಗಳು ಕಳೆದಂತೆ ಮೈ ಒಗ್ಗಿಕೊಂಡು ಒಂದು ಸಾಲದಾಗುತ್ತದೆ. ಒಮ್ಮೆಲೇ ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೈ ನಡುಗುತ್ತದೆ, ಹೆಚ್ಚು ತೆಗೆದುಕೊಳ್ಳುತ್ತಿದ್ದವರಿಗೆ ಫಿಟ್ಸ್ ಕೂಡ ಬರಬಹುದು. ಆಗ ರೋಗಿ “ನೋಡ್ರಿ, ಗುಳಿಗಿ ಇಲ್ದ ನನಗ ಆಗಂಗೇ ಇಲ್ಲ” ಎಂದುಕೊಳ್ಳುತ್ತಾರೆ. ವರ್ಷಗಟ್ಟಲೆ ನುಂಗಿದವರು ವೈದ್ಯರ ಕಣ್ಣಳತೆಯಲ್ಲಿ ಸ್ವಲ್ಪಸ್ವಲ್ಪವೇ ಇಳಿಸಬೇಕು. ಮುದುಕರಿಗೆ ಇನ್ನೊಂದು ಕಂಟಕ: ರಾತ್ರಿ ಬಚ್ಚಲಿಗೆ ಎದ್ದಾಗ ತೂಕ ತಪ್ಪಿ ಬಿದ್ದು ಸೊಂಟ ಮುರಿಯುವುದು.

ಹಾಸಿಗೆಯನ್ನು ಕಿರಿದು ಮಾಡುವುದು

2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಲ್ಲ ವಯಸ್ಕರಿಗೂ ಮೊದಲು ಕೊಡಬೇಕಾದದ್ದು ಗುಳಿಗೆಯಲ್ಲ, ಯೋಚನೆ ಮತ್ತು ರೂಢಿ ತಿದ್ದುವ ಚಿಕಿತ್ಸೆ ಎಂದು ಹೇಳಿತು. ಹೆಸರು ಕೇಳಿದರೆ ಬರೀ ಉಪದೇಶ ಅನ್ನಿಸೀತು. ಅದರ ತಿರುಳು ಬಹಳ ಒರಟು: ನಿದ್ದೆ ಬಾರದವರಿಗೆ ಹಾಸಿಗೆಯ ಹೊತ್ತನ್ನು ಕತ್ತರಿಸುವುದು.

ಮೊದಲು ಎರಡು ವಾರದ ನಿದ್ದೆಪಟ್ಟಿ. ಮಲಗಿದ್ದೆಷ್ಟಕ್ಕೆ, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ನಡುವೆ ಎದ್ದದ್ದೆಷ್ಟು ಸಲ, ಕೊನೆಗೆ ಎದ್ದದ್ದೆಷ್ಟಕ್ಕೆ. ಬರೆಯಲು ಬಾರದವರಿಗೆ ಸಾಲಿಗೆ ಹೋಗುವ ಮೊಮ್ಮಗಳು ಬೆಳಿಗ್ಗೆ ಕೇಳಿ ಬರೆದರಾಯಿತು. ರಾತ್ರಿ ಗಡಿಯಾರ ನೋಡಬಾರದು, ಅಂದಾಜೇ ಸಾಕು. ಯಜಮಾನರ ಪಟ್ಟಿ ಹೇಳಿತು: ಹಾಸಿಗೆಯಲ್ಲಿ ಒಂಬತ್ತು ತಾಸು, ನಿದ್ದೆ ಐದೂವರೆ. ನೂರಕ್ಕೆ 61.

ಈಗ ಅವರಿಗೆ ಸಿಗುವ ಹಾಸಿಗೆ ಐದೂವರೆ ತಾಸು ಮಾತ್ರ. ಏಳುವ ಹೊತ್ತನ್ನು ಮೊದಲು ನೆಡಬೇಕು: ಬೆಳಿಗ್ಗೆ ಐದೂವರೆ, ಹಬ್ಬವಿರಲಿ, ಅಮಾವಾಸ್ಯೆಯಿರಲಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಲಗುವುದು ರಾತ್ರಿ ಹನ್ನೆರಡಕ್ಕೆ. ಹಗಲು ಅಡ್ಡಾಗುವಂತಿಲ್ಲ. ವಾರದ ಕೊನೆಗೆ ಲೆಕ್ಕ ನೋಡಿ, ಹಾಸಿಗೆಯ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ದೆಯಾಗಿದ್ದರೆ ಕಾಲು ತಾಸು ಬೇಗ ಮಲಗಲು ಅಪ್ಪಣೆ. ಹೀಗೆ ವಾರಕ್ಕೆ ಕಾಲು ತಾಸು. ಎಷ್ಟೇ ಕಡಿಮೆ ನಿದ್ದೆಯವರಿಗೂ ಐದು ತಾಸಿಗಿಂತ ಕಿರಿದು ಮಾಡುವುದಿಲ್ಲ. ಸ್ಪೀಲ್ಮನ್ ಈ ಪದ್ಧತಿಯನ್ನು 35 ರೋಗಿಗಳ ಮೇಲೆ ಎಂಟು ವಾರ ಪ್ರಯೋಗಿಸಿ 1987ರಲ್ಲಿ ಪ್ರಕಟಿಸಿದರು.

ಇದಕ್ಕೆ ಜೋಡಿಯಾಗುವ ನಿಯಮ 1972ರಷ್ಟು ಹಳೆಯದು, ರಿಚರ್ಡ್ ಬೂಟ್‌ಜಿನ್ ಅವರದು. ಹಾಸಿಗೆ ಇರುವುದು ನಿದ್ದೆಗೆ ಮತ್ತು ದಾಂಪತ್ಯಕ್ಕೆ. ಕಣ್ಣು ಹತ್ತಲಿಲ್ಲವೆಂದು ಕಿರಿಕಿರಿ ಶುರುವಾಯಿತೋ, ಎದ್ದು ಬೇರೆ ಕಡೆ ಹೋಗಬೇಕು. ಜೋಂಪು ಬಂದಾಗಲೇ ವಾಪಸು. ಬೂಟ್‌ಜಿನ್ ಹೇಳುವ ಬೇರೆ ಕೋಣೆ ನಮ್ಮ ಮನೆಗಳಲ್ಲಿ ಎಲ್ಲಿಂದ ಬರಬೇಕು? ಪಡಸಾಲೆಯ ಮೂಲೆ ಆದೀತು, ಹೊರಗಿನ ಕಟ್ಟೆ ಆದೀತು. ಕಂಬಳಿಯ ಮೇಲೆ ಕೂತು ಹುರಿ ಹೊಸೆಯಬಹುದು. ಮೊಬೈಲ್ ಬೇಡ, ಟ್ಯೂಬ್‌ಲೈಟೂ ಬೇಡ.

ಮೊದಲ ವಾರ ಹೆಂಡತಿ ವೈದ್ಯರನ್ನು ಬೈಯುವುದು ಖಂಡಿತ. ನಿದ್ದೆಯಿಲ್ಲದವರನ್ನು ಹನ್ನೆರಡರವರೆಗೆ ಕೂರಿಸುವುದೆಂದರೇನು? ಆ ವಾರ ಯಜಮಾನರು ಹಗಲು ಮಂಕಾಗಿರುತ್ತಾರೆ, ಟ್ರ್ಯಾಕ್ಟರ್, ಬೈಕು ಮುಟ್ಟಬಾರದು. ಅದೇ ಸಮಯಕ್ಕೆ ಒಳಗೆ ಬೇಕಾದ ಕೆಲಸ ನಡೆದಿರುತ್ತದೆ. ಎಚ್ಚರದ ಹೊತ್ತು ಉದ್ದವಾದಷ್ಟೂ ಅಡೆನೋಸಿನ್ ಕೂಡುತ್ತದೆ, ಹನ್ನೆರಡಕ್ಕೆ ದಿಂಬಿಗೆ ತಲೆಯಿಟ್ಟಾಗ ಪರೀಕ್ಷೆ ನಡೆಸಲು ವ್ಯವಧಾನವೇ ಸಿಗುವುದಿಲ್ಲ. ಇಂಥ ಕೆಲವು ರಾತ್ರಿಗಳಾದ ಮೇಲೆ ಮಿದುಳು ಹಾಸಿಗೆ ಎಂದರೆ ನಿದ್ದೆ ಎಂದು ಮತ್ತೆ ಕಲಿಯತೊಡಗುತ್ತದೆ. ಎಲ್ಲರಿಗೂ ಇದು ಸಲ್ಲದು. ಉನ್ಮಾದ, ಖಿನ್ನತೆಗಳು ಸರದಿಯಲ್ಲಿ ಬರುವವರಲ್ಲಿ ನಿದ್ದೆ ಕಡಿಮೆ ಮಾಡಿದರೆ ಉನ್ಮಾದ ಕೆರಳಬಹುದು. ಮೂರ್ಛೆರೋಗದವರಿಗೆ ಫಿಟ್ಸ್ ಬರಬಹುದು. ಅದಕ್ಕೇ ಇದನ್ನು ಪುಸ್ತಕ ಓದಿ ಒಬ್ಬರೇ ಶುರು ಮಾಡಬಾರದು, ಈ ಪುಸ್ತಕವನ್ನೂ ಸೇರಿಸಿ.

ಯೋಗದ ಮಾತು ಕೇಳಿಯೇ ಕೇಳುತ್ತೀರಿ. ಬೆಂಗಳೂರಿನ ಯೋಗ ಸಂಶೋಧಕರಾದ ಎನ್.ಕೆ. ಮಂಜುನಾಥ್ ಮತ್ತು ಶರ್ಲಿ ಟೆಲಿಸ್ ವೃದ್ಧಾಶ್ರಮವೊಂದರ 69 ಹಿರಿಯರನ್ನು ಆರು ತಿಂಗಳು ಗಮನಿಸಿ 2005ರಲ್ಲಿ ಬರೆದ ವರದಿಯಿದೆ. ಯೋಗ ಮಾಡಿದ ಗುಂಪಿಗೆ ನಿದ್ದೆ ಹತ್ತುವುದು ಸುಮಾರು ಹತ್ತು ನಿಮಿಷ ಬೇಗವಾಯಿತು, ಒಟ್ಟು ನಿದ್ದೆ ಒಂದು ತಾಸಿನಷ್ಟು ಹೆಚ್ಚಿತು. ಇದು ಅವರವರೇ ಹೇಳಿದ ಲೆಕ್ಕ, ಯಂತ್ರದಿಂದ ಅಳೆದದ್ದಲ್ಲ. ಎಚ್ಚರದ ಜಾಲವನ್ನು ಸಡಿಲಿಸುವ ಯಾವುದೂ ಒಳ್ಳೆಯದೇ, ನಿದ್ದೆ ಬರಲೆಂದು ಹಲ್ಲು ಕಚ್ಚಿ ಮಾಡದಿದ್ದರೆ.

ಅಬ್ಬಿಗೇರಿಯವರು ಎಲ್ಲಿಗೆ ಹೋಗಬೇಕು? ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ತಪಾಸಣೆಯ ಏರ್ಪಾಡಿದೆ. ಹೋಗುವ ಮೊದಲು ರೋಣದ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ. ಗದಗಿನಲ್ಲಿ ವೈದ್ಯಕೀಯ ಕಾಲೇಜು, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. 2022ರ ಅಕ್ಟೋಬರಿನಿಂದ ಇರುವ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೊರತೆ ಇರುವುದು ಬೇರೆ ಕಡೆ. ನಿದ್ದೆಪಟ್ಟಿ ನೋಡಿ, ವಾರವಾರ ಲೆಕ್ಕ ತಿದ್ದಿ, ಬೈಸಿಕೊಳ್ಳುವವರು ಬೇಕು. ಗುಳಿಗೆ ಬರೆಯಲು ಎರಡು ನಿಮಿಷ ಸಾಕು, ಇದಕ್ಕೆ ಆರೇಳು ಭೇಟಿ ಬೇಕಾಗುತ್ತದೆ. ಸಾಲು ಹಚ್ಚಿದ ಹೊರರೋಗಿಗಳ ನಡುವೆ ವೈದ್ಯರಿಗೆ ಅಷ್ಟು ಪುರುಸೊತ್ತಿಲ್ಲ. ತರಬೇತಿ ಪಡೆದ ನರ್ಸ್ ಅಥವಾ ಆಪ್ತ ಸಮಾಲೋಚಕರು ಇದನ್ನು ಚೆನ್ನಾಗಿ ಮಾಡಬಲ್ಲರು, ಬೇರೆ ದೇಶಗಳಲ್ಲಿ ಮಾಡುತ್ತಲೂ ಇದ್ದಾರೆ.

ನಿದ್ದೆ ಮರಳಿದ ಮೇಲೂ ಕೆಟ್ಟ ರಾತ್ರಿಗಳು ಬರುತ್ತವೆ. ಜಾತ್ರೆಯ ಬಯಲಾಟ ನೋಡಿ ಬೆಳಗಾಗಬಹುದು, ಮುಂದಿನ ಮುಂಗಾರು ಮತ್ತೆ ಕೈಕೊಡಬಹುದು. ಆಗ ನಷ್ಟ ತುಂಬಿಕೊಳ್ಳಲು ಮರುದಿನ ಎಂಟಕ್ಕೇ ಹಾಸಿಗೆ ಹಾಸಬಾರದು. ಏಳುವುದು ಐದೂವರೆಗೇ, ಮಲಗುವುದು ಎಂದಿನ ಹೊತ್ತಿಗೇ.